ಎರೆಹುಳದ ದಾರಿ, ಸುಬ್ಬಿಯ ಕೋಳಿ

ಮೊನ್ನೆ ನನ್ನ ಹೆಂಡತಿ ಕೊಬ್ಬರಿ ಮಿಠಾಯಿಯನ್ನು ಎರೆಹುಳದ ಮಲದಿಂದ ಕತ್ತರಿಸಿದಳು. ಹೀಗೆಂದ ಕೂಡಲೆ ನೀವು ಅವಳ ಕೈಯಡಿಗೆಯ ಬಗ್ಗೆ ಏನೇನೋ ಕಲ್ಪಿಸಿಕೊಳ್ಳಬೇಡಿ. ದೋಷವೆಲ್ಲ ನನ್ನ ಟ್ರಂಕಿನದು. ಅದರ ತಳದಲ್ಲಿ, ಡಿಗ್ರಿ ಸರ್ಟಿಫಿಕೇಟಿನ ಕೆಳಗೆ, ಬೆರಳುದ್ದದ ಒಂದು ಗಾಜಿನ ಪಟ್ಟಿ ಇತ್ತು. ಅಂಚು ನೇರ, ಮೈ ನುಣುಪು, ನಡುವೆ ಮಾತ್ರ ಕಂದು ಬಣ್ಣದ ಒಂದು ಕಲೆ. ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿದಳಂತೆ, ಕಲೆ ಹೋಗಲಿಲ್ಲವಂತೆ. ಹೋಗುವುದು ಹೇಗೆ? ಅದು ಎರಡು ಗಾಜಿನ ನಡುವೆ ನಾನೇ ಸೀಲು ಮಾಡಿಟ್ಟ ಸಿರಿಮನೆ ಕಾಡಿನ ಮಣ್ಣು. ಆ ಮಣ್ಣು ಹುಳದ ಹೊಟ್ಟೆಯನ್ನು ಹಾದು ಬಂದದ್ದು.

ನಾನು ಅಡಿಗೆಮನೆಯ ಬಾಗಿಲಿಗೆ ಬರುವುದಕ್ಕೂ ಅವಳು ಗಾಜನ್ನು ಮಿಠಾಯಿಯೊಳಗೆ ನೆಟ್ಟಗೆ ಒತ್ತುವುದಕ್ಕೂ ಸರಿಹೋಯಿತು. ಪಾಕ ಇನ್ನೂ ಗಟ್ಟಿಯಾಗಿರಲಿಲ್ಲ. ಅಂಚಿನ ಸಾಲು ಮೊದಲು ಸಣ್ಣಗೆ ಉದುರಿತು, ಆಮೇಲೆ ಇಡಿಯಾಗಿ ತಟ್ಟೆಗೆ ಕುಸಿಯಿತು. ನಾನು ಕಿರಿಚಿಕೊಂಡೆ.

"ಎಂತ ಆಯ್ತು? ಹಾವಾ?" ಎಂದು ಅವಳು ಮಣೆಯ ಮೇಲೆ ಹತ್ತಿ ನಿಂತಳು.

"ಅಲ್ಲ. ಮಿಠಾಯಿ ಕುಸಿಯಿತು."

ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯುವುದಿಲ್ಲ. ಕೊಪ್ಪದ ಸ್ಕೂಲಿನಲ್ಲಿ ನನ್ನ ಪಾಠ ಕೇಳುವ ಮಕ್ಕಳು ಯಾರಾದರೂ ಇದನ್ನು ಓದಿಬಿಟ್ಟರೆ ಕಷ್ಟ.

ಅವಳಿಗೆ ನನ್ನ ಮೇಲೆ ಇನ್ನೊಂದು ದೂರೂ ಇತ್ತು. ಅವಳು ಅಟ್ಟ ಹತ್ತಿದರೆ, ಉಗ್ರಾಣಕ್ಕೆ ಹೋದರೆ, ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ, ನಾನು ಕೂತಲ್ಲಿಂದಲೇ "ಇದ್ದೀಯಾ?" ಎಂದು ಕೂಗುತ್ತೇನೆ. ಉತ್ತರ ಬರುವ ತನಕ ಕೂಗುತ್ತೇನೆ. "ಇಲ್ಲದೆ ಎಲ್ಲಿಗೆ ಹೋಗ್ಲಿ? ಮದುವೆಯಾಗಿ ಎರಡು ವರ್ಷಕ್ಕೇ ನನ್ನ ಮೇಲೆ ಇಷ್ಟು ಕಾವಲಾ?" ಎಂದು ಅವಳು ಒಂದು ಸಲ ಅತ್ತದ್ದೂ ಉಂಟು. ಆ ದಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗಾಜನ್ನು ನನ್ನ ಮುಂದೆ ಹಿಡಿದು, "ಈಗ ಹೇಳಿ" ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅವಳು ನಡುನಡುವೆ ಮಿಠಾಯಿ ತಿನ್ನುತ್ತಿದ್ದಳು; ನಿಮಗೆ ಆ ಅನುಕೂಲವಿಲ್ಲ.

ಎರೆಹುಳಕ್ಕೂ ನನಗೂ ಸಂಬಂಧ ಹಳೆಯದು. ನಾನು ಹುಟ್ಟಿದ್ದು ನರಸಿಂಹರಾಜಪುರದಲ್ಲಿ. ನಮ್ಮದು ಮೂರು ಹೊತ್ತು ಲಿಂಗಪೂಜೆ ನಡೆಯುವ ಮನೆ, ಭತ್ತದ ವ್ಯಾಪಾರ. ಮೀನಿನ ಹೆಸರೆತ್ತಿದರೂ ಅಜ್ಜಿ ಬಾಯಿ ಮುಕ್ಕಳಿಸುತ್ತಿದ್ದರು. ಆದರೆ ಭದ್ರಾ ಹೊಳೆಯಲ್ಲಿ ಗಾಳ ಹಾಕುವ ಗೆಳೆಯರಿಗೆ ಹುಳ ಬೇಕು, ನಮ್ಮ ಬಚ್ಚಲ ಹಿಂದಿನ ಕೆಸುವಿನ ಮಡಿಯಲ್ಲಿ ಹುಳ ಬೇಕಾದಷ್ಟು. ನಾನು ಮೀನು ಹಿಡಿಯುವವನಲ್ಲ, ತಿನ್ನುವವನೂ ಅಲ್ಲ, ಬರೀ ಹುಳ ಒದಗಿಸುವವನು. ಇದರಲ್ಲಿ ಪಾಪವೆಲ್ಲಿದೆ ಎಂಬುದು ನನ್ನ ವಾದ. ಪಾಪ ಇದ್ದದ್ದು ಡಬ್ಬಿಯಲ್ಲಿ. ಅಪ್ಪನ ಹಳೆಯ ವಿಭೂತಿ ಡಬ್ಬಿಯನ್ನು ಆ ಕೆಲಸಕ್ಕೆ ಇಟ್ಟುಕೊಂಡಿದ್ದೆ. ಹೊಸದಕ್ಕೂ ಹಳೆಯದಕ್ಕೂ ಮುಚ್ಚಳ ಒಂದೇ ಥರ. ಒಂದು ಬೆಳಿಗ್ಗೆ ಅಪ್ಪ ಮಡಿಯುಟ್ಟು, ಕಣ್ಣು ಮುಚ್ಚಿ, ಮಂತ್ರ ಹೇಳುತ್ತ ಮೂರು ಬೆರಳನ್ನು ಡಬ್ಬಿಯೊಳಗೆ ಹಾಕಿದರು. ಮುಂದಿನದನ್ನು ನನ್ನ ಬೆನ್ನು ಇವತ್ತಿಗೂ ಹೇಳಬಲ್ಲದು.

ಹೀಗೆ ಹುಳದಿಂದ ಬೆನ್ನು ಕೆಂಪಾದವನೇ ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಆದೆ. ಯುದ್ಧದ ಕಾಲ. ಕೆಲಸ ಸಿಕ್ಕಿದ್ದು ಮಣ್ಣು ಪರೀಕ್ಷೆ ಮಾಡುವ ಒಬ್ಬ ಅಧಿಕಾರಿಗಳ ಕೈಕೆಳಗೆ. ಅವರನ್ನು ರಾಯರು ಎಂದು ಕರೆದರೆ ಸಾಕು. ಯಾರೂ ಗೊಬ್ಬರ ಹಾಕದ ಕಾಡಿನ ಮಣ್ಣು ವರ್ಷವರ್ಷವೂ ಇಷ್ಟು ಹುಲುಸಾಗಿರುವುದು ಹೇಗೆ ಎಂದು ಸರ್ಕಾರಕ್ಕೆ ತಿಳಿಯಬೇಕಿತ್ತಂತೆ. "ಮಣ್ಣು ನೋಡ್ಲಿಕ್ಕೆ ಬಿ.ಎಸ್ಸಿ. ಬೇಕಾ ಮಾರಾಯ? ನಮ್ಮ ಎತ್ತುಗಳು ಇಷ್ಟು ವರ್ಷದಿಂದ ನೋಡ್ತಾ ಇಲ್ವಾ?" ಎಂದರು ಅಪ್ಪ.

ಮೈಕ್ರೋಸ್ಕೋಪು ಬಂದದ್ದು ಬೆಂಗಳೂರಿನಿಂದ. ಹಿತ್ತಾಳೆಯದು, ತೂಕ ಒಂದು ಕೂಸಿನಷ್ಟು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಶೃಂಗೇರಿಗೆ ಹೋದೆ. ಏರು ಬಂದಾಗಲೆಲ್ಲ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು, ಜನ ಇಳಿದು ತಳ್ಳುತ್ತಿದ್ದರು. ಗಂಟಿನ ಮೇಲೆ ಶಾಲು ಹೊದಿಸಿದ್ದೆನಾದ್ದರಿಂದ ಒಳಗೆ ವಿಗ್ರಹವಿದೆ ಎಂದು ಯಾರೋ ಹೇಳಿಬಿಟ್ಟರು. ನನ್ನನ್ನು ಯಾರೂ ಇಳಿಸಲಿಲ್ಲ. ಒಬ್ಬ ಮುದುಕಿ ಅದರ ಮೇಲೆ ಒಂದು ಸೇವಂತಿಗೆ ಇಟ್ಟಳು. ನಾನು ತಿದ್ದಲು ಹೋಗಲಿಲ್ಲ, ಇಳಿದಿದ್ದರೆ ತಳ್ಳಬೇಕಾಗುತ್ತಿತ್ತು.

ಮಣ್ಣನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೆಂದರೆ ಚಿಟಿಕೆ ತೆಗೆದು ಉದುರಿಸುವುದಲ್ಲ. ಹೆಂಟೆಯನ್ನು ಹಾಗೆಯೇ, ಒಂದು ಹರಳೂ ಅಲುಗದಂತೆ ತೆಗೆದು, ಒಣಗಿಸಿ, ಕಾಯಿಸಿದ ರಾಳ ಕುಡಿಸಿ ಕಲ್ಲಿನಂತೆ ಮಾಡಿ, ಆಮೇಲೆ ಬೆಳಕು ಹಾಯುವಷ್ಟು ತೆಳ್ಳಗೆ ತೇಯಬೇಕು. ತೇಯಲು ಇಲಾಖೆಯವರು ಕಳಿಸಿದ ಕಲ್ಲು ದಾರಿಯಲ್ಲೇ ಒಡೆದಿತ್ತು. ನಾನು ಮನೆಗೆ ಹೋಗಿ ಅಮ್ಮನ ದೇವರಕೋಣೆಯಿಂದ ಗಂಧ ತೇಯುವ ಸಾಣೆಕಲ್ಲನ್ನು ಹೇಳದೆ ಎತ್ತಿಕೊಂಡು ಬಂದೆ. ಅದರ ಮೇಲೆ ಒಂದು ವಾರ ಹುಳದ ಮಲ ತೇದೆ. ವಾಪಸು ಇಟ್ಟ ಮೇಲೆ ಅಮ್ಮ "ಈ ಸಲದ ಗಂಧಕ್ಕೆ ಎಂಥ ಒಳ್ಳೇ ಬಣ್ಣ!" ಎಂದು ಸಂತೋಷಪಟ್ಟರು. ಅಮ್ಮ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಆದರೆ ಆ ತೆಳು ಮಣ್ಣನ್ನು ಕನ್ನಡಿಯ ಬೆಳಕಿಗೆ ಇಟ್ಟು ಕಣ್ಣು ಬಗ್ಗಿಸಿದಾಗ! ಅಲ್ಲಿ ಮಣ್ಣು ಎನ್ನುವುದೇ ಇಲ್ಲ. ಉಂಡೆ ಉಂಡೆ, ಉಂಡೆಗೆ ಅಂಟಿದ ಉಂಡೆ, ಯಾರೋ ಮದುವೆಗೆ ರವೆ ಉಂಡೆ ಕಟ್ಟಿ ರಾಶಿ ಹಾಕಿದಂತೆ. ನಡುವೆ ಅರೆದ ಎಲೆಯ ನರಗಳು. ಅಲ್ಲಲ್ಲಿ ಹುಳ ತನ್ನ ಗಂಟಲಿನ ಹತ್ತಿರ ಮಾಡಿ ಹೊರಹಾಕಿದ ಸುಣ್ಣದ ಮಣಿಗಳು. ಸಕ್ಕರೆಯ ಹರಳಿನಂತೆ ಮಿನುಗುತ್ತಿದ್ದವು. ಹುಳ ನಡೆದ ದಾರಿಯಂತೂ ನೋಡಬೇಕು: ಮುಂದಿನ ಮಣ್ಣು ತಿಂದು, ಹಿಂದೆ ಬಿಡುತ್ತ, ತಾನು ಮಾಡಿದ ತೂತನ್ನು ತಾನೇ ತುಂಬಿಕೊಂಡು ಹೋಗಿದೆ. ತುಂಬಿದ್ದು ಕಮಾನಿನ ಹಿಂದೆ ಕಮಾನು, ಕಮಾನಿನ ಹಿಂದೆ ಕಮಾನು. ನಾವು ಬೆಳಿಗ್ಗೆ ಎದ್ದು ಭೂಮಿತಾಯಿ ಎಂದು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಏನನ್ನು ಎಂದು ತಿಳಿದು ನನಗೆ ಮೂರು ದಿನ ನಗು.

ನಾವು ಡೇರೆ ಹಾಕಿದ್ದು ಸಿರಿಮನೆಯ ಮೇಲಿನ ಕಾಡಿನಲ್ಲಿ, ದೀಪಾವಳಿ ಕಳೆದಿತ್ತು. ಗುಂಡಿ ತೋಡಲು ಬಂದವರು ಬೈರ ಮತ್ತು ಅವನ ಹೆಂಡತಿ ಸುಬ್ಬಿ. ಬೈರ ಆ ಸೀಮೆಯ ಬಾವಿಗಳನ್ನೆಲ್ಲ ತೋಡಿದವನು. ಅವನು ಕೆಳಗೆ ಅಗೆದು ಹೆಡಿಗೆ ತುಂಬುತ್ತಾನೆ, ಅವಳು ಮೇಲೆ ಕೂತು ಹಗ್ಗದಿಂದ ಹೆಡಿಗೆ ಎಳೆದು ಮಣ್ಣು ಸುರಿದು, ಬರಿದಾದ ಹೆಡಿಗೆಯನ್ನು ಕೆಳಗೆ ಎಸೆಯುತ್ತಾಳೆ.

ಬಾವಿ ತೋಡುವವರಲ್ಲಿ ಒಂದು ಕಟ್ಟಳೆ ಉಂಟು. ಕೆಳಗಿನವರೂ ಮೇಲಿನವರೂ ಮಾತು ನಿಲ್ಲಿಸಬಾರದು. ಮೇಲಿನವಳು ಗಳಿಗೆಗೊಮ್ಮೆ ಕೇಳಬೇಕು, ಕೆಳಗಿನವನು ಉತ್ತರ ಕೊಡಬೇಕು. ಉತ್ತರ ಬರಲಿಲ್ಲವೆಂದರೆ ಕೆಳಗಿಳಿ. ಇಪ್ಪತ್ತು ವರ್ಷ ಸಂಸಾರ ಮಾಡಿದ ಇಬ್ಬರು ದಿನವಿಡೀ ನಿಲ್ಲಿಸದೆ ಏನು ಮಾತಾಡಬಲ್ಲರು? ಜಗಳವೊಂದೇ.

"ಏ, ಇದ್ಯಾ?"

"ಇದೀನಿ. ನೀನು ಬಿಡ್ತೀಯಾ ಸಾಯಾಕೆ?"

"ನಮ್ಮಣ್ಣ ಕೋಳಿ ಕೊಟ್ಟ. ನಿಮ್ಮ ಕಡೆಯವ್ರು ಎಂತ ಕೊಟ್ರು?"

"ಕೋಳಿಯಾ ಅದು? ಮೂರು ವರ್ಷದಿಂದ ತಿಂತದೆ, ಒಂದು ಮೊಟ್ಟೆ ಇಟ್ಟಿದ್ಯಾ? ನಿಮ್ಮಣ್ಣನ ಹಾಗೇ."

ಆ ಕೋಳಿಯ ವಿಷಯವನ್ನು ನಾನು ಅಲ್ಲಿದ್ದ ಎಂಟು ದಿನವೂ ಕೇಳಿದೆ. ನನ್ನ ಸ್ವಂತ ನೆಂಟರ ಬಗ್ಗೆಯೂ ನನಗೆ ಅಷ್ಟು ಗೊತ್ತಿಲ್ಲ.

ಒಂದು ದಿನ ಬೈರನಿಗೂ ಮೈಕ್ರೋಸ್ಕೋಪು ತೋರಿಸಿದೆ. ಅವನು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದ. "ನಮ್ಮ ಕಸುಬಿನವ್ನೇ ಅಯ್ಯಾ. ಆದ್ರೆ ಹುಷಾರಿದೆ. ಹಿಂದೆ ತುಂಬಿಕೊಂಡು ಹೋಗ್ತದೆ. ನಾವು ಬಾಯಿ ಬಿಟ್ಟಿಟ್ಟು ಬರ್ತೇವೆ" ಎಂದ. ಪ್ರಾಣಿಶಾಸ್ತ್ರದಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಹೀಗೆಂದು ಅವನಿಗೆ ಹೇಳಬೇಕಿತ್ತು, ಹೇಳಲಿಲ್ಲ.

ಗುಂಡಿ ಎದೆಮಟ್ಟಕ್ಕೆ ಇಳಿದಾಗ ಚರ್ಚೆ ಶುರುವಾಯಿತು. ಬೈರ ಗೋಡೆಗಳನ್ನು ಓರೆಯಾಗಿ ಕಡಿಯುತ್ತಿದ್ದ. ರಾಯರಿಗೆ ಮಣ್ಣಿನ ಪದರಗಳ ಚಿತ್ರ ಬರೆಯಬೇಕು, ಅದಕ್ಕೆ ಒಂದು ಗೋಡೆಯಾದರೂ ನೆಟ್ಟಗೆ ಬೇಕು.

"ಮೈಸೂರುಪಾಕು ಕತ್ತರಿಸಿದ್ದು ನೋಡಿದೀಯೇನಪ್ಪ? ಹಾಗೆ ಬರಬೇಕು" ಎಂದರು.

"ಇಲ್ಲ ಸ್ವಾಮಿ. ಇದು ಹುಳ ಓಡಾಡಿದ ಮಣ್ಣು. ನೋಡಾಕೆ ಗಟ್ಟಿ, ಒಳಗೆ ಪೊಳ್ಳು. ಓರೆ ಕಡಿದ್ರೆ ನಿಲ್ತದೆ, ನೇರ ಕಡಿದ್ರೆ ಕೂರ್ತದೆ."

ಬೈರ ಮೈಸೂರುಪಾಕು ನೋಡಿರಲಿಲ್ಲ, ರಾಯರು ಬಾವಿ ಕುಸಿದದ್ದು ನೋಡಿರಲಿಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಹತ್ತಿರ ಗಾಜಿನ ಪಟ್ಟಿ ಇತ್ತು. ಅದರಲ್ಲಿ ಹೆಬ್ಬೆರಳ ಉಗುರಿನಷ್ಟು ಮಣ್ಣು, ಡೇರೆ ಹಾಕುವ ಮೊದಲೇ ಅದೇ ಕಾಡಿನಿಂದ ತಂದದ್ದು, ಒಂದೂವರೆ ಅಡಿ ಆಳದ್ದು. ಆ ಉಗುರಗಲದಲ್ಲಿ ಉಂಡೆಗೆ ಉಂಡೆ ಗಾರೆ ಹಾಕಿದ ಹಾಗೆ ಕಚ್ಚಿಕೊಂಡಿತ್ತು. ಅಷ್ಟನ್ನು ನೋಡಿ ನಾನು ಆಳು ಮುಳುಗುವ ಗೋಡೆಗೆ ಜಾಮೀನು ನಿಂತೆ. "ಇಲ್ಲ ಬೈರ, ಹುಳದ ಅಂಟು ಮಣ್ಣನ್ನು ಹಿಡಿದಿದೆ. ನಾನೇ ಕಣ್ಣಾರೆ ನೋಡಿದ್ದೇನೆ. ಕಡಿ" ಎಂದೆ. ಬೈರ ಗೋಡೆಗೆ ಅಂಗೈ ಇಟ್ಟು, ತೆಗೆದು, ಪಿಕಾಸಿ ಎತ್ತಿಕೊಂಡ. ಕಣ್ಣಾರೆ ನೋಡಿದವರ ಎದುರು ಏನು ಹೇಳಿಯಾನು?

ಮಾರನೆಯ ಬೆಳಿಗ್ಗೆ ಗುಂಡಿ ಅವನ ತಲೆ ದಾಟಿತ್ತು. ನಾನು ಹತ್ತು ಹೆಜ್ಜೆ ಆಚೆ ಮರದಡಿ ಮೇಜು ಹಾಕಿಕೊಂಡು ಆ ಸುಣ್ಣದ ಮಣಿಗಳನ್ನು ಎಣಿಸುತ್ತಿದ್ದೆ. ನೂರರ ಹತ್ತಿರ ಬರುವುದು, ಕೋಳಿ ಕಿವಿಗೆ ಬೀಳುವುದು, ಎಣಿಕೆ ತಪ್ಪುವುದು. ಮೂರನೆಯ ಸಲ ತಪ್ಪಿದಾಗ ತಲೆ ಎತ್ತದೆಯೇ ಕೂಗಿದೆ: "ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರಿ ಮಾರಾಯ್ರೆ!"

"ಅಯ್ಯಾ, ಮಾತು ನಿಲ್ಲಿಸೋ ಹಾಗಿಲ್ಲ" ಎಂದಳು ಸುಬ್ಬಿ.

"ಐದು ನಿಮಿಷ!"

ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ಕೂತಳು. ಕಾಡು ಎಷ್ಟು ನಿಶ್ಶಬ್ದವಾಯಿತೆಂದರೆ ನನಗೆ ನನ್ನ ಮೇಲೆಯೇ ಮೆಚ್ಚುಗೆಯಾಯಿತು. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು.

ನೂರಾ ಹನ್ನೊಂದರಲ್ಲಿ ಗಾಜಿನೊಳಗಿನ ಲೋಕ ನಡುಗಿತು. ಉಂಡೆಗಳೆಲ್ಲ ಒಟ್ಟಿಗೆ ಎಡಕ್ಕೆ ಹಾರಿ ಮತ್ತೆ ಕೂತವು. "ಮೇಜು ಅಲ್ಲಾಡಿಸಬೇಡಿ ಸಾರ್" ಎಂದೆ. ರಾಯರು ಅಲ್ಲಿರಲೇ ಇಲ್ಲ. ಆಮೇಲೆ ಸದ್ದು ಬಂತು. ದೊಡ್ಡ ಸದ್ದೇನಲ್ಲ, ದಪ್ಪಗಿನವರೊಬ್ಬರು ಹಾಸಿಗೆಯ ಮೇಲೆ ಧೊಪ್ಪನೆ ಕೂತಂತೆ. ಒಬ್ಬ ಮನುಷ್ಯ ಹೂತುಹೋದದ್ದನ್ನು ನಾನು ಮೊದಲು ನೋಡಿದ್ದು ಮೈಕ್ರೋಸ್ಕೋಪಿನಲ್ಲಿ. ಈಗಲೂ ಕಣ್ಣು ಮುಚ್ಚಿದರೆ ಗುಂಡಿ ಕಾಣುವುದಿಲ್ಲ. ಎಡಕ್ಕೆ ಹಾರಿದ ಆ ಉಂಡೆಗಳು ಕಾಣುತ್ತವೆ.

ಓಡಿಹೋಗಿ ನೋಡಿದರೆ ನೆಟ್ಟಗೆ ಕಡಿದ ಗೋಡೆ ಇಲ್ಲ. ಗುಂಡಿ ಅರ್ಧಕ್ಕಿಂತ ಮೇಲೆ ತುಂಬಿದೆ. ಬೈರ ಇಲ್ಲ. ಸುಬ್ಬಿ ಆಗಲೇ ಕೆಳಗೆ ಹಾರಿದ್ದಳು. ನಾನು ಪಿಕಾಸಿ ಹಿಡಿದುಕೊಂಡು ಇಳಿದೆ. ಅವಳು ಅದನ್ನು ಕಿತ್ತು ಮೇಲಕ್ಕೆ ಎಸೆದಳು.

"ಬಿಸಾಡು ಅದನ್ನ! ಅವನ ತಲೆ ಎಲ್ಲಿದೆ ಅಂತ ಗೊತ್ತುಂಟಾ ನಿಂಗೆ?"

ರಾಯರೂ ಬಂದರು. ಟೋಪಿ ತೆಗೆದು ಅದರಲ್ಲೇ ಮಣ್ಣು ಮೊಗೆದು ಎಸೆಯತೊಡಗಿದರು. ಮೂವರೂ ಮೂರು ಕಡೆ ಕೆದರುತ್ತಿದ್ದೆವು, ನಾಯಿಗಳ ಹಾಗೆ. ಸುಬ್ಬಿ ಇದ್ದಕ್ಕಿದ್ದಂತೆ ನಮ್ಮಿಬ್ಬರ ಕೈ ಹಿಡಿದು ನಿಲ್ಲಿಸಿ ಮಣ್ಣಿಗೆ ಕಿವಿಗೊಟ್ಟಳು.

"ಏ, ಇದ್ಯಾ?"

ಇಲ್ಲ.

"ಏ! ಇದ್ಯಾ?"

ಇಲ್ಲ. ಅವಳ ಮುಖವನ್ನು ನಾನು ನೋಡಲಿಲ್ಲ, ನೋಡಲಾಗಲಿಲ್ಲ. ಅವಳು ಉಸಿರೆಳೆದುಕೊಂಡು ಕಾಡೆಲ್ಲ ಕೇಳುವ ಹಾಗೆ ಕೂಗಿದಳು:

"ನಮ್ಮಣ್ಣನ ಕೋಳಿ ಇವತ್ತು ಮೊಟ್ಟೆ ಇಟ್ಟಿದೆ!"

ರಾಯರ ಮೊಣಕಾಲಿನ ಕೆಳಗಿನಿಂದ, ಕಂಬಳಿಯೊಳಗಿನಿಂದ ಬಂದಂತೆ, ಒಂದು ಮಾತು ಬಂತು.

"ಸುಳ್ಳು."

ರಾಯರು ಕೆಂಡ ತುಳಿದವರಂತೆ ಹಾರಿದರು. ಮೂವರೂ ಅಲ್ಲೇ ಕೈ ಹಾಕಿದೆವು. ಮೊದಲು ಸಿಕ್ಕಿದ್ದು ಬೋರಲು ಬಿದ್ದ ಹೆಡಿಗೆ. ಅದರ ಅಡಿಯಲ್ಲಿ, ಟೋಪಿ ಹಾಕಿಕೊಂಡಂತೆ, ಬೈರನ ತಲೆ. ಬಾಯಿಂದ ಮಣ್ಣು ಉಗುಳಿ ಅವನು ಮೊದಲು ಮಾಡಿದ ಕೆಲಸ ಹೆಂಡತಿಯನ್ನು ಬೈದದ್ದು.

"ಯಾಕೆ ಮಾತು ನಿಲ್ಲಿಸ್ದೆ, ಹಾಳಾದವಳೇ? ಇಪ್ಪತ್ತು ವರ್ಷದಲ್ಲಿ ನಿಲ್ಲಿಸದವಳು ಇವತ್ತೇ ಯಾಕೆ ನಿಲ್ಲಿಸ್ದೆ?"

ಸುಬ್ಬಿ ಒಂದು ಸಲ ನನ್ನನ್ನು ನೋಡಿದಳು. ಉಗುರು ಕಿತ್ತು ರಕ್ತ ಬರುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಬಾಯಿ ಒಣಗಿತ್ತು" ಎಂದಳು.

ನಾನು ಸುಮ್ಮನಿದ್ದೆ. ನಿಮಗೆ ಹೇಳಲು ನಾಚಿಕೆಯಾಗುತ್ತದೆ, ಸುಮ್ಮನಿದ್ದದ್ದು ಮಾತ್ರವಲ್ಲ. ಅದೇ ಸಂಜೆ ಅವನನ್ನು ಗಾಡಿಯಲ್ಲಿ ಶೃಂಗೇರಿಯ ಆಸ್ಪತ್ರೆಗೆ ಒಯ್ಯುವಾಗ ನಾನು ಸುಬ್ಬಿಗೆ ಪಾಠ ಮಾಡಿದೆ. ಹುಳದ ಮಣ್ಣು ಉಂಡೆ ಉಂಡೆಯಾಗಿ ಬಿದ್ದದ್ದರಿಂದ ನಡುವೆ ಗಾಳಿ ಉಳಿಯಿತು, ಹಾಗೆ ನೋಡಿದರೆ ಹುಳಗಳೇ ಅವನನ್ನು ಉಳಿಸಿದವು ಎಂದೆ. ಅವಳು ತನ್ನ ಬೆರಳುಗಳನ್ನು ನೋಡಿಕೊಂಡು, "ಹುಳ ಉಳಿಸಿತಾ? ಹಾಗಾದ್ರೆ ನಾನು ಇಷ್ಟು ಹೊತ್ತು ಎಂತ ಮಾಡ್ತಾ ಇದ್ದೆ ಅಯ್ಯಾ?" ಎಂದು ಕೇಳಿದಳು.

ಬೈರನ ಸೊಂಟ ಸರಿಹೋಗಲಿಲ್ಲ. ಮತ್ತೆ ಅವನು ಬಾವಿಗಿಳಿಯಲಿಲ್ಲ. ನಾನು ಕೆಲಸ ಬಿಟ್ಟು ಮೇಷ್ಟ್ರಾದೆ. ಬರುವಾಗ ಗಾಜಿನ ಪಟ್ಟಿ ಜೇಬಿನಲ್ಲೇ ಉಳಿದಿತ್ತು.

ಇಷ್ಟು ಹೇಳುವಷ್ಟರಲ್ಲಿ ನನ್ನ ಹೆಂಡತಿ ಮಿಠಾಯಿ ತಿನ್ನುವುದನ್ನು ನಿಲ್ಲಿಸಿದ್ದಳು. "ಆಮೇಲೆ ಹೇಳಿದ್ರಾ ಅವನಿಗೆ? ನೀವೇ ಬಾಯಿ ಮುಚ್ಚಿಸಿದ್ದು ಅಂತ?"

"ಇಲ್ಲ."

"ಮೂರು ವರ್ಷ ಆ ಹೆಂಗಸು ನಿಮಗೋಸ್ಕರ ಬೈಸ್ಕೊಂಡಿದಾಳೆ. ನೀವು ಇಲ್ಲಿ ಕೂತು ನನ್ನ ಹತ್ರ 'ಇದ್ದೀಯಾ, ಇದ್ದೀಯಾ' ಅಂತಿದೀರಿ." ಕುಸಿಯದೆ ಉಳಿದ ಮಿಠಾಯಿಯನ್ನೆಲ್ಲ ಬಾಳೆಯೆಲೆಯಲ್ಲಿ ಕಟ್ಟಿ ನನ್ನ ಕೈಗಿಟ್ಟಳು. "ನಾಳೆ ಭಾನುವಾರ. ಹೋಗಿ ಬನ್ನಿ."

ಹೋದೆ. ಬೈರ ಗುಡಿಸಲ ಮುಂದೆ ಕೂತು ಹೆಡಿಗೆ ಹೆಣೆಯುತ್ತಿದ್ದ. ಈಗ ಅದೇ ಅವನ ಕಸುಬು. ಸುಬ್ಬಿ ಒಲೆಗೆ ಪುಳ್ಳೆ ಮುರಿಯುತ್ತಿದ್ದಳು. ಒಂದು ಮುದಿ ಕೋಳಿ ಅಂಗಳದಲ್ಲಿ ಗತ್ತಿನಿಂದ ಓಡಾಡುತ್ತಿತ್ತು. ಯಾರೆಂದು ಕೇಳುವ ಅಗತ್ಯವಿರಲಿಲ್ಲ. ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತು, "ಬೈರ, ಅವತ್ತು ಸುಬ್ಬಿ ತಾನಾಗಿ ಮಾತು ನಿಲ್ಲಿಸಲಿಲ್ಲ. ನಾನು ನಿಲ್ಲಿಸಿದೆ" ಎಂದುಬಿಟ್ಟೆ.

ಬೈರ ಬೆತ್ತವೊಂದನ್ನು ಹಲ್ಲಿನಲ್ಲಿ ಕಚ್ಚಿ ಸೀಳಿದ. "ಗೊತ್ತುಂಟು ಅಯ್ಯಾ."

"ಗೊತ್ತಾ? ಸುಬ್ಬಿ ಹೇಳಿದಳಾ?"

"ಅವಳು ಯಾಕೆ ಹೇಳ್ಬೇಕು? ಗುಂಡಿಯೊಳಗಿದ್ರೂ ನಂಗೆ ಕಿವಿ ಇತ್ತಲ್ಲ. ನೀವು ಕೂಗಿದ್ದು ಕೇಳ್ತು. ಆಮೇಲೆ ಮೇಲಿಂದ ಸಣ್ಣಗೆ ಮಣ್ಣು ಉದುರಾಕೆ ಹತ್ತಿತು. ಹೇಳುವ ಅಂದ್ರೆ, ಅಯ್ಯ ಬಾಯಿ ಮುಚ್ಚು ಅಂದಿದಾರೆ. ಅದಕ್ಕೇ ಹೆಡಿಗೆ ತಲೆಗೆ ಹಾಕ್ಕೊಂಡೆ."

ಆ ಹೆಡಿಗೆ ತಾನಾಗಿ ಬಿತ್ತೆಂದು ನಾನು ಮೂರು ವರ್ಷ ನಂಬಿದ್ದೆ.

"ಮತ್ತೆ ಸುಬ್ಬಿಯನ್ನು ಯಾಕೆ ಬೈದೆ?"

"ನಿಮ್ಮನ್ನ ಬೈಯೋ ಹಾಗಿತ್ತಾ?" ಎಂದ ಬೈರ. ಸಿಟ್ಟಿನಿಂದಲ್ಲ, ಗೊತ್ತಿಲ್ಲದವರಿಗೆ ದಾರಿ ಹೇಳುವಂತೆ. "ಯಾರನ್ನಾದ್ರೂ ಬೈಬೇಕಲ್ಲ ಅಯ್ಯಾ. ಅವಳು ಇದ್ಲು."

ನಾನು ಅಂಗಳದಲ್ಲಿ ಕೂತೆ. "ಈಗ ಬೈದುಬಿಡು ಬೈರ. ನಾನು ಅದಕ್ಕೇ ಬಂದದ್ದು."

ಬೈರ ಗಲ್ಲ ಕೆರೆದುಕೊಂಡ. ಅಷ್ಟು ವರ್ಷ ಆಗಿಹೋಗಿತ್ತೋ, ಅಭ್ಯಾಸ ಇರಲಿಲ್ಲವೋ, ಅವನಿಂದ ಆಗಲಿಲ್ಲ. ಅವನು ಹೆಂಡತಿಯ ಕಡೆ ನೋಡಿದ.

ಸುಬ್ಬಿ ಪುಳ್ಳೆಯನ್ನು ಕೆಳಗಿಟ್ಟಳು. ನಾನು ತಂದ ಎಲೆಯ ಕಟ್ಟು ಬಿಚ್ಚಿ, ಮಿಠಾಯಿಯ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಅವಳಿಗೆ ಬಾಯಿ ಒಣಗಿರಲಿಲ್ಲ. ಆ ದಿನ ನನಗೆ ಕೊಪ್ಪದ ಬಸ್ಸು ತಪ್ಪಿತು.